ಮಕ್ಕಳಿಗೆ ಮೊಮೆಂಟ್ (ಬಲ ತಿರುಗಿಸೋ ಪರಿಣಾಮ), ಒತ್ತಡ, ಸ್ಪ್ರಿಂಗ್: ಯಾವುದರಿಂದ ಶುರು ಮಾಡೋದು?

ಪ್ರಶ್ನೆ:
13-14 ವರ್ಷದ ಮಕ್ಕಳಿಗೆ ವಿಜ್ಞಾನ ಪಾಠ ಮಾಡ್ತೀನಿ. ಸೂತ್ರ ಬಾಯಿಪಾಠ ಮಾಡ್ಕೊಂಡು ಬರ್ತಾರೆ, ಲೆಕ್ಕನೂ ಮಾಡ್ತಾರೆ, ಆದ್ರೆ ಬಾಗಿಲ ಹಿಡಿಕೆ ಕೀಲಿನಿಂದ ಅಷ್ಟು ದೂರ ಯಾಕಿದೆ ಅಂದ್ರೆ ಮುಖ ಮುಖ ನೋಡ್ಕೋತಾರೆ. ಸ್ಪ್ರಿಂಗ್ ಪ್ರಯೋಗ ಮಾಡ್ಸಿದ್ರೆ ಅರ್ಧ ಕ್ಲಾಸಿನ ಗ್ರಾಫ್ ಸೊನ್ನೆಯಿಂದ ಶುರುನೇ ಆಗಿಲ್ಲ. ಎಲ್ಲಿ ಎಡವ್ತಿದೀನಿ?

ಉತ್ತರ 1:
ಅವರು ಹಿಗ್ಗಿದ್ದನ್ನ ಬಿಟ್ಟು ಪೂರ್ತಿ ಉದ್ದ ಬರ್ದಿರ್ತಾರೆ ನೋಡಿ. ಸ್ಪ್ರಿಂಗ್ ಬರಿದಾಗಿ ನೇತಾಡ್ತಿರುವಾಗ 4 ಸೆಂ.ಮೀ., 1 ನ್ಯೂಟನ್‌ಗೆ 6, 2 ನ್ಯೂಟನ್‌ಗೆ 8 ಅಂದ್ಕೊಳ್ಳಿ, ಹಿಗ್ಗಿದ್ದು 0, 2, 4. ಬಲ ದುಪ್ಪಟ್ಟಾದ್ರೆ ಹಿಗ್ಗೋದೂ ದುಪ್ಪಟ್ಟು ಅನ್ನೋದು ಇಲ್ಲಿ ಮಾತ್ರ ಕಾಣುತ್ತೆ, 6 ಮತ್ತು 8ರಲ್ಲಿ ಕಾಣಲ್ಲ. ಇನ್ನು ಕೆಲವರು ಪ್ರತಿ ಸಲ ಹಿಂದಿನ ಅಳತೆಯಿಂದ ಕಳೀತಾರೆ, ಅವರ ಪಟ್ಟಿ ತುಂಬಾ 2, 2, 2 ಇರುತ್ತೆ. ಮೊದಲ ಉದ್ದ 4 ಅಂತ ಪಟ್ಟಿಯ ತಲೆ ಮೇಲೇ ಬರೆಸಿ. ಆಮೇಲೆ ಒಂದು ಹಳೇ ಸ್ಪ್ರಿಂಗ್‌ಗೆ ಜಾಸ್ತಿ ತೂಕ ಹಾಕಿ ಹಾಳು ಮಾಡ್ಸಿ, ಗೆರೆ ಬಾಗೋದನ್ನ, ತೂಕ ತೆಗೆದ್ರೂ ಸ್ಪ್ರಿಂಗ್ ವಾಪಸ್ ಬರದೇ ಇರೋದನ್ನ ನೋಡ್ಲಿ (ಕಣ್ಣಿಗೆ ರಕ್ಷಣೆ ಕನ್ನಡಕ, ಕಾಲು ದೂರ!). ನಾನಂತೂ ಸ್ಪ್ರಿಂಗನ್ನೇ ಮೊದಲು ತಗೋತೀನಿ, ಬಲ ಅಳೆಯೋ ಸ್ಪ್ರಿಂಗ್ ತಕ್ಕಡಿ ಕೆಲಸ ಮಾಡೋದೇ ಈ ನಿಯಮದ ಮೇಲೆ ಅಲ್ವಾ.

ಉತ್ತರ 2:
ಮೊಮೆಂಟ್‌ಗೆ ಬಾಗಿಲನ್ನ ಒಂದೇ ಬೆರಳಲ್ಲಿ ತಳ್ಳಿಸಿ, ಮೊದಲು ಹಿಡಿಕೆ ಹತ್ರ, ಆಮೇಲೆ ಕೀಲಿನ ಪಕ್ಕ. ನಂತರ ಬಾಗಿಲ ಅಂಚನ್ನ ಕೀಲಿನ ಕಡೆಗೇ ನೇರ ಒತ್ತೋಕೆ ಹೇಳಿ, ಎಷ್ಟು ಜೋರಾಗಿ ಒತ್ತಿದ್ರೂ ತಿರುಗಲ್ಲ. ಕೀಲಿನಿಂದ ಬಲದ ಗೆರೆಗೆ ಇರೋ ದೂರವನ್ನ ಲಂಬವಾಗಿ ಯಾಕೆ ಅಳೀಬೇಕು ಅನ್ನೋದು ಆಗ ತಲೆಗೆ ಹೋಗುತ್ತೆ. ಆಮೇಲೆ 30 ಸೆಂ.ಮೀ. ಸ್ಕೇಲನ್ನ ಪೆನ್ಸಿಲ್ ಮೇಲೆ ಮಧ್ಯಕ್ಕೆ ನಿಲ್ಲಿಸಿ, ಪೆನ್ಸಿಲ್‌ನಿಂದ ಎಡಕ್ಕೆ 5 ಸೆಂ.ಮೀ. ದೂರದಲ್ಲಿ ಒಂದೇ ಥರದ ಎರಡು ನಾಣ್ಯ ಇಡಿ, ಬಲಕ್ಕೆ ಒಂದೇ ನಾಣ್ಯ ಎಲ್ಲಿಡ್ಬೇಕು ಅಂತ ಇಡೋಕೆ ಮುಂಚೆನೇ ಹೇಳಿಸಿ. 10 ಅಂತ ಹೇಳಿದ ಮಗುಗೆ ಸ್ಕೇಲ್ ನಿಂತಾಗ ಆಗೋ ಖುಷಿ ನೋಡ್ಬೇಕು ನೀವು.

ಉತ್ತರ 3:
ಒತ್ತಡದಲ್ಲಿ ನಮ್ಮ ಭಾಷೆನೇ ಸ್ವಲ್ಪ ಅಡ್ಡ ಬರುತ್ತೆ, ಒತ್ತೋದೇ ಒತ್ತಡ ಅಂದ್ಕೊಂಡು ಬಲಾನೂ ಅದೂ ಒಂದೇ ಅಂತಾರೆ. ಚೂಪು ಪೆನ್ಸಿಲನ್ನ ಎರಡು ತೋರುಬೆರಳ ಮಧ್ಯೆ ಹಿಡಿದು ಮೆಲ್ಲಗೆ ಒತ್ತೋಕೆ ಹೇಳಿ. ಎರಡೂ ಕಡೆ ಬಲ ಒಂದೇ, ನೋವು ಮಾತ್ರ ಮೊನೆ ಕಡೆ. ಲೆಕ್ಕಕ್ಕೆ (ಬಲವನ್ನ ವಿಸ್ತೀರ್ಣದಿಂದ ಭಾಗಿಸಿದ್ರೆ ಒತ್ತಡ) ಗ್ರಾಫ್ ಹಾಳೆ ಮೇಲೆ ಅವರವರ ಪಾದ ಬರೆಸಿ ಚೌಕ ಎಣಿಸಿ. 400 ನ್ಯೂಟನ್ ತೂಕದ ಹುಡುಗಿಯ ಎರಡು ಪಾದ ಸೇರಿ 0.02 ಚದರ ಮೀಟರ್ ಆದ್ರೆ 20,000 ಪ್ಯಾಸ್ಕಲ್, ಒಂಟಿಕಾಲಲ್ಲಿ ನಿಂತ್ರೆ 40,000.

ಪ್ರಶ್ನೆ ಕೇಳಿದವರು:
ಈಗಷ್ಟೇ ಅವರ ನೋಟ್‌ಬುಕ್ ತೆಗೆದು ನೋಡಿದೆ, ಹೌದು, ಎಲ್ಲಾ ಪೂರ್ತಿ ಉದ್ದನೇ! ಇಬ್ಬರದು ಮಾತ್ರ 2, 2, 2. ನಾಳೆ ಸ್ಪ್ರಿಂಗ್ ಮತ್ತೆ ನೇತು ಹಾಕ್ತೀನಿ.