ಸಹಾಯ ಬೇಕು: 3999 ದಾಟಿದ ರೋಮನ್ ಅಂಕಿ ಬರೆಯುವುದು ಹೇಗೆ?

ಸಂಖ್ಯೆಯನ್ನು ರೋಮನ್ ಅಂಕಿಗೆ ಬದಲಿಸುವ ಸಣ್ಣ ಪ್ರೋಗ್ರಾಂ ಇದು. 3999ರವರೆಗೆ ಸರಿಯಾಗಿದೆ, ಆಚೆಗೆ ಬಲ್ಲವರ ಸಲಹೆ ಬೇಕು.

ಈಗಿನ ಕ್ರಮ: 1000, 900, 500, 400, 100, 90, 50, 40, 10, 9, 5, 4, 1. ಈ ಹದಿಮೂರು ಬೆಲೆಗಳನ್ನು ದೊಡ್ಡದರಿಂದ ಆರಂಭಿಸಿ, ಆದಷ್ಟು ಸಲ ಕಳೆಯುತ್ತ ಅಕ್ಷರ ಸೇರಿಸುವುದು. 1994 ಎಂದರೆ ಎಂ, ಸಿಎಂ, ಎಕ್ಸ್‌ಸಿ, ಐವಿ. ಬರೀ ಏಳು ಅಕ್ಷರಗಳ (ಐ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000) ಪಟ್ಟಿ ಇಟ್ಟರೆ 4 ಎಂಬುದು ಐಐಐಐ ಆಗುತ್ತದೆ. (ಪ್ರಾಚೀನರಿಗೆ ಅದು ತಪ್ಪಲ್ಲ, ರೋಮಿನ ಕೊಲೋಸಿಯಂನ 44ನೇ ದ್ವಾರಕ್ಕೆ ಎಕ್ಸ್‌ಎಲ್‌ಐಐಐಐ ಎಂದೇ ಗುರುತಿದೆ.)

ರೋಮನ್‌ನಿಂದ ಸಂಖ್ಯೆಗೆ ಮರಳುವಾಗ ‘ಐಸಿ’ಯನ್ನೂ 99 ಎಂದು ಒಪ್ಪಿಕೊಳ್ಳುತ್ತಿತ್ತು. ಸರಿಯಾದದ್ದು ಎಕ್ಸ್‌ಸಿಐಎಕ್ಸ್. ಬಂದ ಉತ್ತರವನ್ನು ಮತ್ತೆ ರೋಮನ್‌ಗೆ ಬದಲಿಸಿ ಮೂಲದೊಡನೆ ಹೋಲಿಸಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ನಿಜವಾದ ತೊಡಕು 4000ದ್ದು. ಐವಿ ಮೇಲೆ ಅಡ್ಡಗೆರೆ ಎಳೆದರೆ ಬೆಲೆ ಸಾವಿರ ಪಟ್ಟು. ಆದರೆ ಪಠ್ಯ ನಕಲಿಸುವಾಗ ಗೆರೆ ಉದುರಿದರೆ 4000 ಹೋಗಿ ಬರೀ 4 ಉಳಿಯುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಇನ್ನೊಂದು ದಾರಿ ಹಳೆಯ ಚಿಹ್ನೆಗಳದು. ಸಾವಿರದ ಹಳೆಯ ಗುರುತು ಎಂ ಅಲ್ಲ, ನಡುವೆ ಗೆರೆಯಿದ್ದ ವೃತ್ತ. ಅದರ ಬಲ ಅರ್ಧವೇ 500ರ ಡಿ ಆಯಿತು. ಇವು ಯೂನಿಕೋಡ್‌ನಲ್ಲಿವೆ (ಕಂಪ್ಯೂಟರ್‌ಗಳು ಬಳಸುವ ಅಕ್ಷರಗಳ ಸಾಮಾನ್ಯ ಪಟ್ಟಿ), ಆದರೆ ಎಷ್ಟೋ ಫಾಂಟ್‌ಗಳಲ್ಲಿ ಖಾಲಿ ಚೌಕ ಕಾಣುತ್ತದೆ.

ಎರಡರಲ್ಲಿ ಯಾವುದನ್ನು ಹಿಡಿಯಬೇಕು? ಗೆರೆಯೇ ಸರಿಯೆಂದರೆ, ನಕಲಿಸಿದಾಗಲೂ ಅದು ಉಳಿಯುವ ಉಪಾಯ ತಿಳಿದವರು ದಯವಿಟ್ಟು ಹಂತಹಂತವಾಗಿ ಬರೆಯಿರಿ.