ಸಹಾಯ ಬೇಕು: ಎಫ್‌ಟಿ8 ಸಂದೇಶದ ಸಿಆರ್‌ಸಿ ತಾಳೆಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಚಿಕ್ಕ ಮೈಕ್ರೋಕಂಟ್ರೋಲರ್‌ನಲ್ಲಿ ಎಫ್‌ಟಿ8 ಎನ್‌ಕೋಡರ್ ಬರೆಯುತ್ತಿದ್ದೇನೆ (ಎಫ್‌ಟಿ8 ಅಂದರೆ ಹವ್ಯಾಸಿ ರೇಡಿಯೋದಲ್ಲಿ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ; ಎನ್‌ಕೋಡರ್ ಸಂದೇಶವನ್ನು ಬಿಟ್‌ಗಳಾಗಿ ಬದಲಿಸುತ್ತದೆ). ಬಿಡಿ ಪಠ್ಯಕ್ಕೆ (ನಮಗೆ ಬೇಕಾದಂತೆ ಬರೆಯುವ ಸಂದೇಶ) 13 ಅಕ್ಷರ, ಪ್ರತಿ ಅಕ್ಷರವೂ 42 ಚಿಹ್ನೆಗಳ ಪಟ್ಟಿಯಿಂದ. ಇಡೀ ಸಾಲನ್ನು ಒಂದೇ ದೊಡ್ಡ ಸಂಖ್ಯೆ ಮಾಡಿದರೆ 71 ಬಿಟ್‌ನಲ್ಲಿ ಹಿಡಿಯುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ!

ಮೊದಲು 64 ಬಿಟ್ ವೇರಿಯಬಲ್ ಬಳಸಿದ್ದೆ. 11 ಅಕ್ಷರದವರೆಗೆ ಸರಿ ಇತ್ತು, 13 ಆದರೆ ಕಸ. ಈಗ 9 ಬೈಟ್‌ಗಳ ಅರೇ ಇಟ್ಟು, 42ರಿಂದ ಗುಣಿಸಿ ಕ್ಯಾರಿ ಸಾಗಿಸುತ್ತೇನೆ. ಪಠ್ಯ ಸರಿಯಾಗಿ ಮರಳಿ ಬರುತ್ತಿದೆ.

ತೊಡಕು ಮುಂದಿನ ಹಂತದ್ದು. ಒಂದು ಬಿಟ್ ಎಡಕ್ಕೆ ಸರಿಸಿ, ಸಂದೇಶದ ಬಗೆ ಹೇಳುವ 6 ಸೊನ್ನೆ ಸೇರಿಸಿ 77 ಮಾಡುತ್ತೇನೆ. ಇನ್ನೂ 5 ಸೊನ್ನೆ ಹಾಕಿ 82 ಬಿಟ್ ಮೇಲೆ 14 ಬಿಟ್ ಸಿಆರ್‌ಸಿ (ಸಂದೇಶದಲ್ಲಿ ದೋಷ ಇದೆಯೇ ಎಂದು ಪತ್ತೆ ಮಾಡುವ ಸಂಖ್ಯೆ) ತೆಗೆಯುತ್ತೇನೆ. ಆದರೂ ತಾಳೆಯಾಗುತ್ತಿಲ್ಲ. ಸರಿಸುವಾಗಲೇ ತಪ್ಪುತ್ತಿದೆ ಅನ್ನಿಸುತ್ತದೆ.

ಇದನ್ನು ಮಾಡಿದವರು ಯಾವುದಾದರೂ ಒಂದು ಸಂದೇಶದ 77 ಬಿಟ್ ಮತ್ತು ಅದರ ಸಿಆರ್‌ಸಿ ಹಾಕುತ್ತೀರಾ? ಸಾಲು ಸಾಲಾಗಿ ಹೋಲಿಸಿ ನೋಡುತ್ತೇನೆ.