ಅಪ್‌ಡೇಟ್: ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲದ ವಿಷಯ

ಮೂರು ವಾರದ ಹಿಂದೆ ಕೇಳಿದ್ದೆ: 20 ನಿಮಿಷ ಧ್ಯಾನಕ್ಕೆ ಕೂತರೆ ತಲೆಯೊಳಗೆ ಸಂತೆ, ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೇನೆ, ಏನು ಮಾಡಲಿ ಅಂತ.

ಮೊದಲು ಕೈಕೊಟ್ಟದ್ದು ಹೇಳುತ್ತೇನೆ. ಬೆಳಗಿನ ನಾಲ್ಕೂವರೆಗೆ ಎದ್ದೆ, ಕೂತಲ್ಲೇ ಗೊರಕೆ! ಫೋನಿನ ಆ್ಯಪ್ ಕೂಡ ಆಗಲಿಲ್ಲ, ಕೈ ಸೀದಾ ವಾಟ್ಸ್ಆ್ಯಪಿಗೆ ಹೋಗುತ್ತಿತ್ತು.

ಕೆಲಸ ಮಾಡಿದ್ದು ‘ಐದೇ ನಿಮಿಷ ಕೂರಿ, ಆದರೆ ದಿನಾ ಒಂದೇ ಕೆಲಸದ ಬೆನ್ನಿಗೆ’ ಅಂದವರ ಮಾತು. ಅಂಗಳದಲ್ಲಿ ಅಡಿಕೆ ಹರಡಿದ ಕೂಡಲೇ ಜಗಲಿಯಲ್ಲಿ ಕೂರುತ್ತೇನೆ. ಉಸಿರು ಬಿಡುವಾಗ ಒಂದು, ಎರಡು ಅಂತ ಹತ್ತರವರೆಗೆ ಎಣಿಕೆ. ತಪ್ಪಿದರೆ ಮತ್ತೆ ಒಂದರಿಂದ. ಮೊದಲ ದಿನ ನಾಲ್ಕು ದಾಟಲಿಲ್ಲ. ಮೂರಕ್ಕೆ ಬರುವಾಗ ಕುಂಬಳೆ ಪೇಟೆಯ ಅಡಿಕೆ ರೇಟು ನೆನಪಾಗುತ್ತಿತ್ತು. ಹತ್ತು ಮುಟ್ಟಿದ್ದು ಒಂಬತ್ತನೇ ದಿನ. ಆ ಖುಷಿಯಲ್ಲಿ ಎಣಿಕೆ ಹನ್ನೊಂದು, ಹನ್ನೆರಡು ಅಂತ ಓಡಿತು, ಅದೂ ತಪ್ಪೇ ಅಲ್ವಾ!

ಒಬ್ಬರು ಕಾಞಂಗಾಡಿನ ಆನಂದಾಶ್ರಮಕ್ಕೆ ಹೋಗಿ ಬನ್ನಿ ಅಂದಿದ್ದರು. ಸ್ವಾಮಿ ರಾಮದಾಸರು 1931ರಲ್ಲಿ ಶುರುಮಾಡಿದ ಆಶ್ರಮ. ಭಾನುವಾರ ಹೋಗಿದ್ದೆ. ಅಲ್ಲಿ ರಾಮನಾಮ ಕೇಳುತ್ತಾ ಕೂತಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಗೆ ನನ್ನ ಕಷ್ಟ ಹೇಳಿದೆ. ‘ಮನಸ್ಸು ಓಡಿದ್ದು ನಿನಗೆ ಗೊತ್ತಾಯಿತಲ್ಲ ಮಗಾ, ಮತ್ತೇನು?’ ಅಂದರು. ನಾನು ಅದನ್ನೇ ಸೋಲು ಅಂದುಕೊಂಡಿದ್ದೆ.

21 ದಿನದಲ್ಲಿ ಎರಡು ದಿನ ತಪ್ಪಿದೆ, ಒಂದು ದಿನ ಜ್ವರ, ಒಂದು ದಿನ ಸುಮ್ನೆ ಸೋಮಾರಿತನ. ಈಗ ಎಂಟು ನಿಮಿಷ ಕೂರುತ್ತೇನೆ. ಅಡಿಕೆ ರೇಟು ಈಗಲೂ ಬರುತ್ತದೆ.